ಸಮುದ್ರದ ಮೇಲಿನ ಮೋಡ

ಯಮುನಮ್ಮ ಲೈಬ್ರರಿಯ ಒಳಗೆ ಬರಲಿಲ್ಲ. ಸೂತಕದಲ್ಲಿ ಮನೆ ಬಿಟ್ಟು ಹೊರಡಬಾರದು, ಯಾರ ಹೊಸಿಲನ್ನೂ ದಾಟಬಾರದು ಎಂದು ನೆಂಟರು ಹೇಳಿದ್ದರು. ಅದರಲ್ಲಿ ಅರ್ಧ ಮಾತು ಕೇಳಿ ಅವರು ಒಂಬತ್ತನೇ ದಿನ ಹೊರಟು ಬಂದು, ಕಿಟಕಿಯ ಆಚೆ ನಿಂತರು. ತೀರಿಕೊಂಡ ಗಂಡ ಜಯಪ್ರಕಾಶರು ಹದಿನೆಂಟು ವರ್ಷ ನೋಡಿಕೊಂಡಿದ್ದ ಪಂಚಾಯಿತಿ ಲೈಬ್ರರಿ ಅದು. ಈಗ ಅವರ ಕುರ್ಚಿಯಲ್ಲಿ ಸಹಾಯಕಿ ಭವ್ಯ ಕೂತಿದ್ದಳು.

"ಭವ್ಯ, ಇವರದ್ದೊಂದು ಫೋಟೋ ಬೇಕಿತ್ತು. ಹದಿಮೂರನೇ ದಿನ ಹಾರ ಹಾಕಕ್ಕೆ. ಕಂಪ್ಯೂಟರಲ್ಲಿ ಉಂಟೇನೋ ನೋಡು."

ಮನೆಯಲ್ಲಿದ್ದದ್ದು ಎರಡೇ, ಮದುವೆಯ ಫೋಟೋ ಮತ್ತು ಆಧಾರ್ ಕಾರ್ಡು. ಮದುವೆಯ ಫೋಟೋದಲ್ಲಿ ಜಯಪ್ರಕಾಶರಿಗೆ ತಲೆತುಂಬ ಕೂದಲಿತ್ತು; ಅದು ಅಜ್ಜನೇ ಅಲ್ಲ ಎಂದು ಮೊಮ್ಮಕ್ಕಳು ತೀರ್ಪು ಕೊಟ್ಟಿದ್ದರು. ಆಧಾರಿನಲ್ಲಿದ್ದ ಮುಖ ಯಾರದ್ದು ಬೇಕಾದರೂ ಆಗಬಹುದಿತ್ತು. ಲೈಬ್ರರಿಯ ಕಾರ್ಯಕ್ರಮಗಳ ಫೋಟೋಗಳಲ್ಲಿ ಊರಿಗೆ ಊರೇ ಇತ್ತು, ಅವರೊಬ್ಬರು ಇರಲಿಲ್ಲ. ಅಷ್ಟನ್ನೂ ತೆಗೆದವರು ಅವರೇ.

ಭವ್ಯ ಮಾನಿಟರನ್ನು ಕಿಟಕಿಯ ಕಡೆಗೆ ತಿರುಗಿಸಿ ಅವರ ಹೆಸರಿನ ಫೋಲ್ಡರ್ ತೆರೆದಳು. ಒಳಗೆ ಆರುನೂರ ಹನ್ನೊಂದು ಸ್ಕ್ರೀನ್‌ಶಾಟ್, ಎಲ್ಲವೂ ಮೋಡದ ನಕ್ಷೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಉಪಗ್ರಹದ ಚಿತ್ರ ಹುಡುಕಿ ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದು ಯಾರೂ ಹೇಳದೆ ಅವರು ಮೈಮೇಲೆ ಎಳೆದುಕೊಂಡ ಕೆಲಸ. ಮಳೆ ಬಂದರೆ ತೊಳೆದುಹೋಗುವ ಕೊಳೆರೋಗದ ಮದ್ದನ್ನು ಅಡಿಕೆಗೆ ಹೊಡೆಯುವುದೋ ಬೇಡವೋ ಎಂದು ಜನ ತೀರ್ಮಾನಿಸುತ್ತಿದ್ದದ್ದು ಅದನ್ನು ನೋಡಿಯೇ. ಒಂದೊಂದು ಚಿತ್ರವೂ ನೇರ, ಸ್ವಚ್ಛ, ಮೂಲೆಯಲ್ಲಿ ತಾರೀಖು. ಮನುಷ್ಯರ ಸುಳಿವಿಲ್ಲ.

ಈ ಅಚ್ಚುಕಟ್ಟನ್ನು ಅವರಿಗೆ ಕಲಿಸಿದವಳು ಭವ್ಯಳೇ. ಎರಡು ವರ್ಷದ ಹಿಂದಿನವರೆಗೆ ಅವರು ಮಾನಿಟರಿನ ಮುಂದೆ ಮೊಬೈಲ್ ಹಿಡಿದು ಪರದೆಯ ಫೋಟೋ ತೆಗೆಯುತ್ತಿದ್ದರು. ಎಲ್ಲವೂ ಓರೆ, ಎಲ್ಲದರ ಮೇಲೂ ಒಂದು ಟ್ಯೂಬ್‌ಲೈಟ್. ಹೀಗಿರುವಾಗ ಒಂದು ಬೆಳಿಗ್ಗೆ ಅರಬ್ಬೀ ಸಮುದ್ರದ ಮೇಲೆ ದುಂಡನೆಯ ಬಿಳಿ ಮೋಡ ಕಂಡು, ಮದ್ದು ಹೊಡೆಯುವ ಗಿಡ್ಡಯ್ಯ ತಾನೂ ಮರ ಹತ್ತಲಿಲ್ಲ, ಜೊತೆಯವರನ್ನೂ ಹತ್ತಿಸಲಿಲ್ಲ. ಸಂಜೆಯವರೆಗೆ ಸುಡುಬಿಸಿಲು. ಕಲಸಿಟ್ಟಿದ್ದ ಎರಡು ಡ್ರಮ್ ಮದ್ದು ಹಾಳಾಯಿತು, ತೋಟದ ಯಜಮಾನರ ಬೈಗಳೂ ಸಿಕ್ಕಿತು. ಮರುದಿನ ಅವನು ಮೊಬೈಲ್ ಹಿಡಿದುಕೊಂಡು ಲೈಬ್ರರಿಗೇ ಬಂದ. ಭವ್ಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಅದು ಪರದೆಯಲ್ಲಿ ಬಿಂಬ ಬಿದ್ದಿದ್ದ ಜಯಪ್ರಕಾಶರ ಬೋಳು ತಲೆ.

ಜಯಪ್ರಕಾಶರು ತಲೆ ಸವರಿಕೊಂಡು, "ನಂದೇ ಮಾರಾಯ. ಇದು ಮಳೆ ಸುರಿಸೋ ಜಾತಿದಲ್ಲ" ಎಂದಿದ್ದರು. ಭವ್ಯ ಅವತ್ತೇ ಸ್ಕ್ರೀನ್‌ಶಾಟಿಗೆ ಮೂರು ಕೀ ಒಟ್ಟಿಗೆ ಒತ್ತುವುದನ್ನು ಕಲಿಸಿ, ಚೀಟಿ ಬರೆದು ಕೀಬೋರ್ಡಿಗೆ ಅಂಟಿಸಿದ್ದಳು. ಚೀಟಿ ಇನ್ನೂ ಅಲ್ಲೇ ಇತ್ತು. ಆರುನೂರ ಹನ್ನೊಂದು ಚಿತ್ರಗಳಿಂದ ಆ ಮನುಷ್ಯನನ್ನು ತನ್ನ ಕೈಯಾರೆ ಒರೆಸಿಹಾಕಿದೆನಲ್ಲ ಎಂದು ಅವಳಿಗೆ ಈಗ ಸಂಕಟವಾಯಿತು. ಕಿಟಕಿಯ ಆಚೆ ಯಮುನಮ್ಮ ಕಾಯುತ್ತಲೇ ಇದ್ದರು. ಒಂದು ಹಳೆಯದು ಇದ್ದರೂ ಇರಬಹುದು ಎಂದು ಹೇಳಿ ಅವಳು ಗಿಡ್ಡಯ್ಯನಿಗೆ ಫೋನು ಮಾಡಿದಳು.

ಗಿಡ್ಡಯ್ಯ ತೋಟದಿಂದ ನೇರವಾಗಿ ಬಂದ. ಆ ಚಿತ್ರ ಅವನ ಮೊಬೈಲಿನಲ್ಲಿ ಇನ್ನೂ ಇತ್ತು. ಅಳಿಸುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಭವ್ಯ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಬೆಳಕು ಹೆಚ್ಚಿಸುತ್ತ ಹೋದಳು. ಸಮುದ್ರದ ಕಪ್ಪಿನಿಂದ ಮೊದಲು ತಲೆ, ಆಮೇಲೆ ಹಣೆಗೇರಿಸಿದ ಕನ್ನಡಕ, ಆಮೇಲೆ ಇಡೀ ಮುಖ ಎದ್ದು ಬಂತು. ಮೊಬೈಲನ್ನು ಎದೆಯ ಹತ್ತಿರ ಹಿಡಿದು, ಚಿತ್ರ ಚೆನ್ನಾಗಿ ಬರಲಿ ಎಂದು ನಾಲಿಗೆಯ ತುದಿ ಕಚ್ಚಿಕೊಂಡಿದ್ದರು.

ಯಮುನಮ್ಮ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದರು.

"ಇವರೇ," ಎಂದರು. "ಸೂಜಿಗೆ ದಾರ ಪೋಣಿಸುವಾಗಲೂ ಹೀಂಗೇ ನಾಲಿಗೆ ಕಚ್ಚೋರು."

ಕೆನ್ನೆಯ ಮೇಲೆ ಹಾದುಹೋಗಿದ್ದ ಕರಾವಳಿಯ ಗೆರೆಯನ್ನೂ ಮೋಡಗಳನ್ನೂ ತೆಗೆದುಬಿಡುತ್ತೇನೆ ಎಂದು ಭವ್ಯ ಹೇಳಿದಳು.

"ಎಂತಕ್ಕೆ ಮಾರಾಯ್ತಿ, ಇರಲಿ. ಅವರು ನೋಡ್ತಾ ಇದ್ದದ್ದೇ ಅದನ್ನ."

ಗಿಡ್ಡಯ್ಯನಿಗೆ ಅವತ್ತು ಇದೇ ಬಾಗಿಲಲ್ಲಿ ನಿಂತು ಕೂಗಾಡಿದ್ದು ನೆನಪಾಗಿರಬೇಕು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಹದಿಮೂರನೇ ದಿನ ಕಮ್ಮರಡಿಯ ಸ್ಟುಡಿಯೋದಿಂದ ಫ್ರೇಮ್ ಬಂತು. ಹಾರದ ನಡುವೆ ಜಯಪ್ರಕಾಶರು, ಹಿಂದೆ ಅರಬ್ಬೀ ಸಮುದ್ರ. ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಕೈಮುಗಿದರು. ಕೆಲವರು ಅಭ್ಯಾಸಬಲದಿಂದ ಮೋಡ ಎಲ್ಲಿಯವರೆಗೆ ಬಂದಿದೆ ಎಂದೂ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಭವ್ಯ ಲೈಬ್ರರಿಯ ಬಾಗಿಲು ತೆಗೆದು ನಕ್ಷೆ ತೆರೆದಳು. ಬೆರಳುಗಳು ಮೂರು ಕೀಗಳ ಮೇಲೆ ಹೋಗಿ, ಚೀಟಿಯನ್ನು ಮುಟ್ಟಿ, ಹಿಂದಕ್ಕೆ ಬಂದವು. ಅವಳು ಮೊಬೈಲ್ ಎತ್ತಿ ಹಿಡಿದು ಪರದೆಯ ಫೋಟೋ ತೆಗೆದು ಗುಂಪಿಗೆ ಹಾಕಿದಳು. ಸ್ವಲ್ಪ ಓರೆಯಾಗಿತ್ತು. ಎರಡೇ ನಿಮಿಷಕ್ಕೆ ಗಿಡ್ಡಯ್ಯನ ಫೋನು ಬಂತು.

"ಮೇಡಂ, ಮದ್ದು ಕಲಸಲಾ, ಬೇಡವಾ? ಆ ಸಮುದ್ರದ ಮೇಲೆ ಇರೋದು ಮೋಡವಾ, ನೀವಾ?"