ಮಡಚದ ಎಲೆ

ಒಂದು ಕುಂಡದ ಗಿಡದ ಸಂಗತಿಯನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಕ್ಷಮೆ ಇರಲಿ. ಊರಿಗೆ ಹೋದವರ ಗಿಡವನ್ನು ಬೇಸಿಗೆಯಲ್ಲಿ ಕಾಯ್ದವರಿಗೆ ಸಿಂಧನೂರಿನ ಬೋನ್ಸಾಯ್ ಕ್ಲಬ್ಬು ಕೊಡುವ ಬಹುಮಾನಕ್ಕೆ ಅದರ ಅಧ್ಯಕ್ಷ ವೀರೇಂದ್ರನೇ ಕೈಚಾಚಿದಾಗ ಹೊತ್ತು ಮುಳುಗುತ್ತಿತ್ತು. ಮೇಜಿನ ಮೇಲಿದ್ದ ಗೇಣುದ್ದದ ಹುಣಸೆ ಗಿಡಗಳೆಲ್ಲ ದಿನಾ ಸಂಜೆಯಂತೆ ಎಲೆ ಮಡಚಿಕೊಂಡಿದ್ದವು. ಕ್ಲಬ್ಬಿನ ಸದಸ್ಯೆ ಶಿವಕುಮಾರಿಯದು ಮಾತ್ರ ಮಡಚಿರಲಿಲ್ಲ.

ಮಸ್ಕಿಯಿಂದ ಬೀಜ ತಂದು ಅವಳು ಹನ್ನೊಂದು ವರ್ಷ ಸಾಕಿದ ಗಿಡ ಅದು. ಮಗಳ ಬಾಣಂತನಕ್ಕೆ ಹಟ್ಟಿ ಊರಿಗೆ ಹೋಗುವಾಗ, ಹಸಿರು ಪರದೆಯ ನೆರಳಿದೆಯೆಂದು ವೀರೇಂದ್ರನ ಮಾಳಿಗೆಯಲ್ಲಿ ಬಿಟ್ಟಿದ್ದಳು. ಈಗ ಎದ್ದುಹೋಗಿ ಒಂದು ಎಲೆ ಹಿಡಿದಳು. ಪ್ಲಾಸ್ಟಿಕ್. ಉಗುರಿನಿಂದ ತೊಗಟೆ ಕೆರೆದಳು; ಒಳಗೆ ಹಸಿರಿರಲಿಲ್ಲ. ಬೆರಳಿಗೆ ಅಂಟಿನ ವಾಸನೆ ಹತ್ತಿತು.

“ಎರಡ ದಿನ ನೀರು ತಪ್ಪಿತ್ರಿ ಅಕ್ಕಾ,” ವೀರೇಂದ್ರ ಪಿಸುಗುಟ್ಟಿದ. “ನಿಮ್ಮ ಮನಸ್ಸಿಗೆ ನೋವಾಗಬಾರ್ದಂತ ಎಲಿ ಹಚ್ಚೀನಿ. ಈಗ ಸುಮ್ಕಿರ್ರಿ, ಮಂದಿ ನೋಡಾಕತ್ತಾರ.”

“ನನ್ನ ಮನಸ್ಸಿನ ಮಾತು ಬಿಡು. ಹೆಣಕ್ಕ ಸಿಂಗಾರ ಮಾಡಿ ಬಹುಮಾನಕ್ಕ ನಿಂತೀಯಲ್ಲ, ನಿನಗ ಹೇಸಿಕಿ ಬರ್ಲಿಲ್ಲೇನು?”

ಅವಳು ಬೆರಳನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. ವಾಸನೆ ಹೋಗಲಿಲ್ಲ. ಹಟ್ಟಿಯಿಂದ ಅವಳು ದಿನಾ ಫೋನಿನಲ್ಲಿ ಗಿಡದ ಕ್ಷೇಮ ಕೇಳುತ್ತಿದ್ದಳು; ಚಲೋ ಐತಿ ಅಂತಲೇ ಅವನು ಹೇಳುತ್ತಿದ್ದ. ಆ ದಿನಗಳಲ್ಲಿ ಯಾವತ್ತು ಗಿಡ ಸತ್ತಿತ್ತೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ.