ಬಸಂತರಾಯರ ಓದು

ಪೋಸ್ಟಿನ ನಬಿಲಾಲ ಕಟ್ಟೆಯ ಮೇಲಿಟ್ಟು ಹೋದ ಬ್ಯಾಂಕಿನ ಲಕೋಟೆಯನ್ನು ಬಸಂತರಾಯರು ಕಿರುಬೆರಳಿನ ಉಗುರಿನಿಂದ ನಾಜೂಕಾಗಿ ಸೀಳಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡರು. ಹೆಂಡತಿ ಸುಮಿತ್ರಾಬಾಯಿ ತೊಗರಿಬೇಳೆ ಆರಿಸುವುದನ್ನು ಬಿಟ್ಟು ಎದುರಿಗೆ ಬಂದು ಕೂತರು. ಲಕೋಟೆಯ ಮೇಲಿದ್ದದ್ದು ಸೊಸೆ ಸುನಂದಾಳ ಹೆಸರು. ತಾಂಬಾದ ದವಾಖಾನೆಯಲ್ಲಿ ನರ್ಸ್ ಆಗಿದ್ದ ಆಕೆಯ ಪಗಾರದ ಲೆಕ್ಕ ಮೂರು ತಿಂಗಳಿಗೊಮ್ಮೆ ಹೀಗೆ ಬರುತ್ತಿತ್ತು. ಬರುವುದು ಆಕೆ ಡ್ಯೂಟಿಯಲ್ಲಿದ್ದಾಗ. ಓದುವವರು ಮಾವ, ಕೇಳುವವರು ಅತ್ತೆ. ತನ್ನದೇ ಹೆಸರಿನ ಆ ಹಾಳೆಯನ್ನು ಸುನಂದಾ ಎರಡು ವರ್ಷದಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ.

ಇವತ್ತು ಆಕೆಗೆ ರಜೆ, ಭಾನುವಾರವೆಲ್ಲ ಪೋಲಿಯೋ ಹನಿ ಹಾಕಿದ್ದಕ್ಕೆ ಬದಲಿ. ಚಹಾ ಹಿಡಿದು ಮಾವನ ಬೆನ್ನ ಹಿಂದೆ ಬಂದವಳ ಕಣ್ಣು ಹಾಳೆಯ ಮೇಲೆ ಬಿತ್ತು, ಅಲ್ಲೇ ನಿಂತುಬಿಟ್ಟಿತು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಮೂರು ಕಡೆ, ಅವ್ವನ ಹೆಸರು. ಚನ್ನವ್ವ, ನಾನೂರು. ಚನ್ನವ್ವ, ನಾನೂರು. ಚನ್ನವ್ವ, ನಾನೂರು.

ಕನ್ನೊಳ್ಳಿಯಲ್ಲಿರುವ ಅವ್ವನಿಗೆ ಸಕ್ಕರೆ ಕಾಯಿಲೆ. ತಿಂಗಳ ಗುಳಿಗೆಗೆಂದು ಸುನಂದಾ ಚೆಕ್ಕು ಬರೆದು ಅವ್ವನ ಖಾತೆಗೆ ಹಾಕುತ್ತಿದ್ದಳು. ಹಾಳೆಯಲ್ಲಿ ಬರೀ ಅಂಕಿ ಇರುತ್ತದೆ, ಮನೆ ಖರ್ಚಿನ ಜೊತೆ ಸೇರಿಹೋಗುತ್ತದೆ ಎಂದುಕೊಂಡಿದ್ದಳು. ಸೊಸೆಯ ಪಗಾರದಲ್ಲಿ ಒಂದು ರೂಪಾಯಿಯೂ ತವರಿನ ಹೊಸ್ತಿಲು ದಾಟಬಾರದು ಎಂದು ಸುಮಿತ್ರಾಬಾಯಿ ಮದುವೆಯ ಮಾತುಕತೆಯಲ್ಲೇ ಖಡಾಖಂಡಿತ ಹೇಳಿದ್ದರು. ಟೆಂಪೋ ಓಡಿಸುವ ಗಂಡ ಸಂಗಮೇಶನಿಗಂತೂ ಹೇಳುವಂತಿರಲಿಲ್ಲ. ಒಳ್ಳೆಯವನೇ, ಆದರೆ ತಾಯಿಯ ಮುಂದೆ ಊಟಕ್ಕೆ ಕೂತರೆ ಹೊಟ್ಟೆಯೊಳಗಿನ ಗುಟ್ಟೆಲ್ಲ ಬಾಯಿಗೆ ಬರುತ್ತಿತ್ತು.

ಬಸಂತರಾಯರು ಶುರು ಮಾಡಿದರು. ಮೂವತ್ತು ವರ್ಷ ಇಂಡಿ ಊರಿನ ಮಾರ್ಕೆಟ್ ಯಾರ್ಡಿನಲ್ಲಿ ಲಿಂಬೆಹಣ್ಣಿನ ತೂಕದ ಚೀಟಿ ಕೂಗಿ ಓದಿದ ಗಂಟಲು ಅದು. ಒಂದು ಸಾಲು ತಪ್ಪಿಸಿದವರಲ್ಲ ಎಂದು ದಲಾಲರೆಲ್ಲ ಹೇಳುತ್ತಿದ್ದರು.

"ಅಕ್ಟೋಬರ್ ಒಂದಕ್ಕ ಪಗಾರ ಜಮಾ. ಮೂರಕ್ಕ ಮನಿ ಖರ್ಚಿಗೆ ತಗದದ್ದು, ಎರಡು ಸಾವಿರ."

ಬೆರಳು ಕೆಳಗಿಳಿದು ಅವ್ವನ ಹೆಸರಿನ ಮೇಲೆ ಬಂತು. ಇನ್ನು ಈ ಮನೆಯಲ್ಲಿ ತಲೆಯೆತ್ತಿ ತಿರುಗಿದ ಹಾಗೇ ಎಂದುಕೊಂಡಳು ಸುನಂದಾ.

"ಹದಿನೈದಕ್ಕ ಸಂಗ್ಯಾನ ಟೆಂಪೋದ ಟೈರಿಗೆ, ಒಂದೂವರಿ ಸಾವಿರ."

ಬೆರಳು ನಿಂತಿರಲಿಲ್ಲ. ನವೆಂಬರಿನಲ್ಲೂ ನಿಲ್ಲಲಿಲ್ಲ, ಡಿಸೆಂಬರಿನಲ್ಲೂ ನಿಲ್ಲಲಿಲ್ಲ. ಕಟ್ಟೆಯ ಮೇಲೆ ಹರಿವ ಇರುವೆಯನ್ನು ಕಂಡು ಕಾಲೆತ್ತಿ ದಾಟುವವರಂತೆ ಮಾವ ಆ ಮೂರೂ ಸಾಲು ದಾಟಿ ಹೋದರು.

ಸುಮಿತ್ರಾಬಾಯಿಗೆ ಅಕ್ಷರ ಬಾರದಿದ್ದರೂ ಲೆಕ್ಕ ಬಾಯಲ್ಲೇ ಇತ್ತು. "ಉಳದದ್ದು ಕಡಿಮಿ ಆತಲ್ರಿ?"

"ಬ್ಯಾಂಕಿನವ್ರು ನಿನ್ನ ರೊಕ್ಕಾ ಸುಮ್ಮನ ಕಾಯ್ತಾರೇನು? ಅವರದೂ ಒಂದೀಟು ಕಟ್ ಆಗ್ತೈತಿ."

"ಪ್ರತಿ ಸಲಾನೂ ಹಿಂಗ ಅಂತೀರಿ. ಹಾಡಹಗಲಿ ಕಳ್ಳರು. ಅವರ ಕೈಯಾಗ ಹುಳಾ ಬೀಳ್ಲಿ."

ಪ್ರತಿ ಸಲ. ಸುನಂದಾ ಚಹಾ ಕೊಡುವುದನ್ನೂ ಮರೆತು ನಿಂತಳು. ಎರಡು ವರ್ಷದಿಂದ ಅವ್ವನ ಗುಳಿಗೆಯ ಬೈಗುಳವನ್ನೆಲ್ಲ ಪಾಪ, ಬ್ಯಾಂಕಿನವರು ತಿನ್ನುತ್ತಿದ್ದರು.

ಲಕೋಟೆಯಲ್ಲಿ ಇನ್ನೊಂದು ಪತ್ರವಿತ್ತು, ಜೊತೆಗೆ ಅಂಟು ಹಾಕಿದ ಸಣ್ಣ ಲಕೋಟೆ. ಬಸಂತರಾಯರು ಪತ್ರವನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡರು. "ಇನ್ನ ಮ್ಯಾಲೆ ಹಾಳಿ ಬರೂದಿಲ್ಲಂತ. ಎಲ್ಲಾ ಕಂಪ್ಯೂಟರದಾಗ ನೋಡ್ಕೋಬೇಕಂತ. ಅದನ್ನ ತಗಿಯೂ ಪಾಸ್‌ವರ್ಡು ಈ ಸಣ್ಣದರಾಗ ಐತಿ."

"ಅದಕ್ಕೇನಾತು? ಸಂಗ್ಯಾ ದಿನಾ ಇಂಡಿಗೆ ಟೆಂಪೋ ಹೊಡೀತಾನ. ಕಂಪ್ಯೂಟರ್ ಅಂಗಡ್ಯಾಗ ತಗಸ್ಕೊಂಡು ಬಂದು ಅಂವನ ಓದ್ತಾನ. ನಿಮಗೂ ತ್ರಾಸ ತಪ್ಪತೈತಿ."

ಬಸಂತರಾಯರು ಪತ್ರವನ್ನು ಕಣ್ಣ ಹತ್ತಿರ ಹಿಡಿದು, ಮಾರ್ಕೆಟ್ಟಿನ ಗಂಟಲಿನಲ್ಲೇ ಓದಿದರು. "ಖಾತೇದಾರರು ಇದನ್ನ ಗಂಡಗೂ ಹೇಳಬಾರದು. ಹೇಳಿದ್ರ ಪಗಾರ ಬಂದ್."

"ಗಂಡಗೂ ಅಂತ ಬರದಾರೇನ್ರಿ?"

"ಬರದಾರ."

ಸುನಂದಾ ಬಗ್ಗಿ ನೋಡಿದಳು. ಯಾರಿಗೂ ತಿಳಿಸಬೇಡಿ ಎಂದಷ್ಟೇ ಇತ್ತು. ಗಂಡನೂ ಇರಲಿಲ್ಲ, ಪಗಾರವೂ ಇರಲಿಲ್ಲ.

"ಹಾಂಗಾರ ಬ್ಯಾಡ ಬಿಡ್ರಿ. ಬರೂ ಪಗಾರ ನಿಂತೀತು," ಎನ್ನುತ್ತ ಸುಮಿತ್ರಾಬಾಯಿ ಎದ್ದು ಒಳಗೆ ಬೇಳೆಯ ಕಡೆಗೆ ಹೋದರು.

ಬಸಂತರಾಯರು ಆರಿದ ಚಹಾವನ್ನು ಸೊಸೆಯಿಂದ ತೆಗೆದುಕೊಂಡು ಬಸಿಗೆ ಸುರುವಿ ಒಂದೇ ಗುಟುಕಿಗೆ ಕುಡಿದರು. ಖಾಲಿ ಬಸಿಯ ಮೇಲೆ ಸಣ್ಣ ಲಕೋಟೆಯನ್ನಿಟ್ಟು ಸೊಸೆಯ ಕೈಗೆ ಕೊಟ್ಟರು. ಅಂಟು ಬಿಚ್ಚಿರಲಿಲ್ಲ.

"ನಿಮ್ಮವ್ವನ ಸಕ್ಕರಿ ಈಗ ಎಷ್ಟೈತಿ?"

"ಇಳದೈತ್ರಿ, ಮಾವಾರ," ಎಂದಳು ಸುನಂದಾ. ಲಕೋಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನಿಮಗ ಎಲ್ಲಾ ಗೊತ್ತಿತ್ತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಬಸಂತರಾಯರು ಒಳಮನೆಯ ಕಡೆ ಒಮ್ಮೆ ನೋಡಿ ಕನ್ನಡಕ ತೆಗೆದರು.

"ಅದನ್ನ ಯಾರ ಕೈಯಾಗೂ ಕೊಡಬ್ಯಾಡವಾ. ನಾ ಆದ್ರ ಆ ಸಾಲು ಬಿಟ್ಟು ಓದತಿದ್ದೆ. ಕಂಪ್ಯೂಟರಕ್ಕ ಬಿಟ್ಟು ಓದಾಕ ಬರತೈತೇನು?"