ಐರ್ಲೆಂಡಿನಲ್ಲಿ ಕಲಿತ ಹಾಡು

ಒದ್ದೆ ಕಲ್ಲಿದ್ದಲಿನ ವಾಸನೆ ಬಂದರೆ ಈಗಲೂ ಭದ್ರಾವತಿಯ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಡಾಕ್ಟರಿಕೆ ಓದಲು ಐರ್ಲೆಂಡಿಗೆ ಹೋಗಿದ್ದ ಚಿಕ್ಕಪ್ಪ, ಅಲ್ಲಿನ ಭಾಷೆ, ಕಥೆ, ಹಾಡುಗಳನ್ನೂ ಕಲಿತು ರಜೆಗೆ ಬಂದಿದ್ದ. ಅಪ್ಪ ಕಾರ್ಖಾನೆಯಲ್ಲಿ ಫರ್ನೇಸ್ ಪಾಳಿಯಲ್ಲಿದ್ದ.

"ಹೆಣ ಕುಯ್ಯೋದು ಬಿಟ್ಟು ಹಾಡು ಕಲಿತ್ಯಾ? ಎಲ್ಲಿ, ಒಂದು ಹೇಳು ಮಾರಾಯ," ಎಂದು ಅಜ್ಜಿ ಕೆಣಕಿದಳು.

ಚಿಕ್ಕಪ್ಪ ಕಣ್ಣು ಮುಚ್ಚಿ ಶುರುಮಾಡಿದ. ನಮಗೆ ಒಂದು ಪದವೂ ತಿಳಿಯಲಿಲ್ಲ. ದನಿ ಮೇಲೇರಿತು, ನಡುಗಿತು, ಕೆಳಕ್ಕೆ ಜಾರಿತು. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

"ನಿಲ್ಸು. ಇದು ಹೆಣದ ಮುಂದೆ ಅಳೋದಲ್ವಾ?"

"ಹೌದು. ನಿಂಗೆ ಹೆಂಗೆ ಗೊತ್ತಾಯ್ತಮ್ಮ?" ಚಿಕ್ಕಪ್ಪನಿಗೆ ಖುಷಿ.

"ಎಲ್ಲರೂ ಬದುಕಿರೋ ಮನೇಲಿ ಹೇಳ್ತಾರೇನೋ ಇದನ್ನ? ಹೋಗು, ತಲೆ ಮೇಲೆ ನೀರು ಹಾಕ್ಕೊಂಡು ಬಾ."

ಅವನು ನಗುತ್ತಲೇ ಬಚ್ಚಲಿಗೆ ಹೋದ. ಹೊತ್ತಲ್ಲದ ಹೊತ್ತಿನಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಅದು ಹಾಡಿಗಿಂತ ಮೊದಲೇ ಕೂಗಿತ್ತೆಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಮನೆಯವರು ಯಾರೂ ಒಪ್ಪುವುದಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪನ ಜೊತೆ ಕೆಲಸ ಮಾಡುವ ಇಬ್ಬರು, ಒದ್ದೆ ಕಲ್ಲಿದ್ದಲಿನ ವಾಸನೆಯ ಬಟ್ಟೆಯಲ್ಲೇ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಅಮ್ಮ ಅವರನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ನಿಂತು ಮೆಲ್ಲಗೆ ಕೇಳಿದಳು, "ಅವ್ರದು ಊಟ ಆಗಿತ್ತಾ?"